ಫ್ಲ್ಯಾಟ್, ಇನ್‌ಕ್ಲೈನ್, ಡಿಕ್ಲೈನ್, ಕ್ಲೋಸ್ ಗ್ರಿಪ್: ಬಾರ್‌ಬೆಲ್ ಬೆಂಚ್ ಪ್ರೆಸ್‌ನಲ್ಲಿ ನಿಮಗೆ ಯಾವುದು ಹೊಂದುತ್ತದೆ?

ಬೆಂಚಿನ ಮೇಲೆ ಅಂಗಾತ ಮಲಗಿ, ತೂಕ ಹಾಕಿದ ಉದ್ದ ಕಂಬಿಯನ್ನು, ಅಂದರೆ ಬಾರ್ ಅನ್ನು, ಎದೆಗೆ ಇಳಿಸಿ ಮೇಲಕ್ಕೆ ಒತ್ತುವುದೇ ಬೆಂಚ್ ಪ್ರೆಸ್. ಈ ಒಂದೇ ಹೆಸರಿನೊಳಗೆ ಹಲವು ವ್ಯಾಯಾಮಗಳಿವೆ. ಬೆಂಚಿನ ಕೋನ ಬದಲಾದರೆ, ಕೈಗಳ ನಡುವಿನ ಅಂತರ ನಾಲ್ಕು ಬೆರಳಷ್ಟು ಹೆಚ್ಚುಕಡಿಮೆಯಾದರೆ, ಬಾರ್ ಎದೆಯ ಮೇಲೆ ತಾಗುವ ಜಾಗ ಸ್ವಲ್ಪ ಸರಿದರೆ, ದುಡಿಯುವ ಸ್ನಾಯುವೂ ಬದಲಾಗುತ್ತದೆ, ಭುಜದ ಕೀಲಿನ ಮೇಲೆ ಬೀಳುವ ಒತ್ತಡವೂ ಬದಲಾಗುತ್ತದೆ. ಹಾಗಾಗಿ ಯಾರೋ ಹೆಚ್ಚು ತೂಕ ಎತ್ತುವವರು ಮಾಡುವ ಬಗೆಯನ್ನೇ ನಕಲು ಮಾಡುವ ಬದಲು, ನಿಮ್ಮ ತೋಳಿನ ಉದ್ದ, ಭುಜದ ಸ್ಥಿತಿ ಮತ್ತು ಉದ್ದೇಶ ನೋಡಿ ಆರಿಸಿಕೊಳ್ಳಿ.

ಆರಿಸುವುದಕ್ಕೆ ಒಂದು ಅಳತೆಗೋಲು ಬೇಕಲ್ಲ, ಅದು ಇದು: ಬಾರ್ ಎದೆಗೆ ತಾಗಿದ ಕ್ಷಣದಲ್ಲಿ ಮುಂಗೈ, ಅಂದರೆ ಮಣಿಕಟ್ಟಿನಿಂದ ಮೊಣಕೈವರೆಗಿನ ಭಾಗ, ನೆಟ್ಟ ಕಂಬದ ಹಾಗೆ ನೇರವಾಗಿ ನಿಂತಿದೆಯೇ? ಪಕ್ಕದಿಂದ ನೋಡಿದರೂ ನೇರ, ಕಾಲಿನ ಕಡೆಯಿಂದ ನೋಡಿದರೂ ಹೆಚ್ಚುಕಡಿಮೆ ನೇರ. ಮೊಣಕೈ ಬಾರ್‌ನ ಕೆಳಗೆ ಇದ್ದರೆ ನೀವು ತಳ್ಳಿದ ಬಲವೆಲ್ಲ ಬಾರ್‌ಗೆ ಹೋಗುತ್ತದೆ. ಮೊಣಕೈ ಎತ್ತಲೋ ಸರಿದಿದ್ದರೆ ಬಲದ ಒಂದು ಪಾಲು ಮಣಿಕಟ್ಟನ್ನು, ಮೊಣಕೈಯನ್ನು, ಭುಜವನ್ನು ತಿರುಚುವುದಕ್ಕೆ ಖರ್ಚಾಗುತ್ತದೆ. ಮುಂದೆ ಬರುವ ಪ್ರತಿ ಬಗೆಯನ್ನೂ ಈ ಅಳತೆಗೋಲಿಟ್ಟು ನೋಡಿ.

ಎಲ್ಲ ಬಗೆಗೂ ಒಂದೇ ಆದ ಅಡಿಪಾಯ

ಬೆಂಚಿನ ಮೇಲೆ ಮಲಗಿದಾಗ ಕಣ್ಣು ಬಾರ್‌ನ ನೇರ ಕೆಳಗೆ ಬರಬೇಕು. ತಲೆ ಇನ್ನೂ ಮೇಲಕ್ಕೆ ಹೋದರೆ, ಬಾರ್ ಮೇಲೇರುವಾಗ ರ್ಯಾಕಿನ (ಬಾರ್ ಇಡುವ ಚೌಕಟ್ಟಿನ) ಕೊಕ್ಕೆಗೆ ಬಡಿಯುತ್ತದೆ. ಕೆಳಕ್ಕೆ ಜಾರಿದ್ದರೆ ಬಾರ್ ತೆಗೆಯುವುದಕ್ಕೆ ಕೈಯನ್ನು ತಲೆಯ ಹಿಂದಕ್ಕೆ ಚಾಚಬೇಕಾಗುತ್ತದೆ, ಅಲ್ಲಿಗೆ ಭುಜ ಸಡಿಲವಾಯಿತೆಂದೇ ಅರ್ಥ. ಕೊಕ್ಕೆಯ ಎತ್ತರವನ್ನು ಮೊದಲೇ ಸರಿ ಮಾಡಿಕೊಳ್ಳಿ: ಬಾರ್ ಹಿಡಿದಾಗ ಮೊಣಕೈ ಸ್ವಲ್ಪ ಮಡಚಿರಬೇಕು, ಕೈ ಪೂರ್ತಿ ನೀಡಿದರೆ ಬಾರ್ ಕೊಕ್ಕೆಯಿಂದ 3ರಿಂದ 5 ಸೆಂ.ಮೀ. ಮೇಲೆ ಬರಬೇಕು. ಕೊಕ್ಕೆ ಅದಕ್ಕಿಂತ ಎತ್ತರದಲ್ಲಿದ್ದರೆ ಬಾರ್ ತೆಗೆಯಲು ಭುಜವನ್ನೇ ಮುಂದಕ್ಕೆ ತಳ್ಳಬೇಕಾಗುತ್ತದೆ. ತೀರ ಕೆಳಗಿದ್ದರೆ ಮೊದಲ ರೆಪ್‌ಗೂ (ಒಂದು ಸಲ ಇಳಿಸಿ ಎತ್ತುವುದು ಒಂದು ರೆಪ್) ಮುಂಚೆಯೇ ಅರ್ಧ ರೆಪ್‌ನ ಶ್ರಮ ಆಗಿಹೋಗಿರುತ್ತದೆ.

ನಂತರ ಹೆಗಲೆಲುಬುಗಳು. ಬೆನ್ನಿನ ಮೇಲ್ಭಾಗದಲ್ಲಿ ಎರಡು ಪಕ್ಕಕ್ಕೂ ಇರುವ ಈ ಚಪ್ಪಟೆ ಮೂಳೆಗಳನ್ನು ಒಂದರ ಹತ್ತಿರ ಒಂದನ್ನು ತಂದು, ಸೊಂಟದ ಕಡೆಗೆ ಇಳಿಸಿ, ಹಾಗೆಯೇ ಬೆಂಚಿಗೆ ಒತ್ತಿಹಿಡಿಯಿರಿ. ಇದರಿಂದ ಎರಡು ಲಾಭ. ಭುಜದ ಕೀಲು ಹಿಂದಕ್ಕೆ ಕುಳಿತು, ಬಾರ್ ಕೆಳಗೆ ಬಂದಾಗ ಕೀಲಿನ ಮುಂಭಾಗ ಇಕ್ಕಟ್ಟಾಗುವುದು ಕಡಿಮೆಯಾಗುತ್ತದೆ. ಎದೆ ತಾನಾಗಿ ಮೇಲೆದ್ದು ಬಾರ್ ಸಾಗಬೇಕಾದ ದೂರವೂ ಕೊಂಚ ಕಡಿಮೆಯಾಗುತ್ತದೆ. ಕೆಳಬೆನ್ನು ಸ್ವಲ್ಪ ಕಮಾನಾಗುವುದು ಸಹಜ, ಅದರಿಂದ ತೊಂದರೆಯಿಲ್ಲ. ಪೃಷ್ಠ ಮಾತ್ರ ಬೆಂಚು ಬಿಟ್ಟು ಏಳಬಾರದು.

ಪಾದಗಳು ಪೂರ್ತಿ ನೆಲಕ್ಕೂರಿರಲಿ, ಮೊಣಕಾಲಿಗಿಂತ ತುಸು ಹಿಂದೆ. ಒತ್ತುವಾಗ ನೆಲವನ್ನು ಮುಂದಕ್ಕೆ ತಳ್ಳಿ ದೇಹವನ್ನು ತಲೆಯ ಕಡೆಗೆ ಜಾರಿಸುವ ಹಾಗೆ ಕಾಲಿಗೆ ಬಲ ಕೊಡಿ. ಸೊಂಟ ಮೇಲೇಳುತ್ತಿದೆ ಎಂದರೆ ಬಲ ತಪ್ಪು ದಿಕ್ಕಿಗೆ ಹೋಗುತ್ತಿದೆ, ಅಂದರೆ ನೀವು ನೆಲವನ್ನು ಕೆಳಕ್ಕೆ ಒತ್ತುತ್ತಿದ್ದೀರಿ.

ಇನ್ನು ಅಂಗೈ. ಹೆಚ್ಚಿನವರಿಗೆ ಮಣಿಕಟ್ಟು ನೋಯುವುದಕ್ಕೆ ಕಾರಣ ಬಾರ್ ಬೆರಳುಗಳ ಬುಡದಲ್ಲಿ ಕೂತಿರುವುದು. ಭಾರ ಅಲ್ಲಿದ್ದರೆ ಅಂಗೈ ಹಿಂದಕ್ಕೆ ಬಾಗಿ, ಮುಂಗೈ ಮೂಳೆಗಳಿಗೂ ಬಾರ್‌ಗೂ ನಡುವೆ ಎರಡು ಮೂರು ಬೆರಳಷ್ಟು ಅಂತರ ಬೀಳುತ್ತದೆ. ಅದನ್ನು ಸರಿಪಡಿಸುವುದು ಹೀಗೆ: ಅಂಗೈ ಮುಂದಿಟ್ಟುಕೊಂಡು ನೋಡಿ. ತೋರುಬೆರಳು ಮತ್ತು ಹೆಬ್ಬೆರಳು ಕೂಡುವ ಜಾಗದಿಂದ, ಕಿರುಬೆರಳ ಕಡೆಯ ಅಂಗೈ ಬುಡದ ದಪ್ಪ ಮಾಂಸದವರೆಗೆ ಓರೆಯಾಗಿ ಒಂದು ಗೆರೆ ಎಳೆದುಕೊಳ್ಳಿ. ಬಾರ್ ಆ ಗೆರೆಯ ಮೇಲೆ ಕೂರಬೇಕು. ಕೈಗಳನ್ನು ತುಸು ಒಳಕ್ಕೆ ತಿರುಗಿಸಿ ಬಾರ್ ಮೇಲಿಟ್ಟು, ಆಮೇಲೆ ಬೆರಳು ಸುತ್ತಿದರೆ ಅದು ತಾನಾಗಿ ಅಲ್ಲಿಗೆ ಬರುತ್ತದೆ. ಮೊದಲ ಕೆಲವು ದಿನ ಬೆರಳುಗಳ ಹಿಡಿತ ಸಡಿಲ ಅನ್ನಿಸಬಹುದು. ಆದರೆ ಭಾರ ಈಗ ನೇರವಾಗಿ ಮುಂಗೈ ಮೂಳೆಗಳ ಮೇಲೆ ನಿಂತಿದೆ. ಹೆಬ್ಬೆರಳು ಮಾತ್ರ ಬಾರ್ ಸುತ್ತಿಯೇ ಇರಬೇಕು. ಹೆಬ್ಬೆರಳನ್ನೂ ಉಳಿದ ಬೆರಳುಗಳ ಕಡೆಗೇ ಇಟ್ಟುಕೊಳ್ಳುವ ಹಿಡಿತದಲ್ಲಿ ಬಾರ್ ಜಾರಿ ಎದೆಯ ಮೇಲೋ ಕೊರಳ ಮೇಲೋ ಬೀಳುವುದನ್ನು ತಡೆಯಲು ಏನೂ ಇರುವುದಿಲ್ಲ. ಮಣಿಕಟ್ಟಿಗೆ ಹಿತವೆಂದು ಅದನ್ನು ಬಳಸುವವರು ಮೇಲಿನ ಓರೆ ಗೆರೆಯ ಹಿಡಿತ ಕಲಿತರೆ ಅಷ್ಟೇ ಹಿತ ಸಿಗುತ್ತದೆ, ಅಪಾಯವಿಲ್ಲದೆ.

ಉಸಿರು: ಕೈ ನೀಡಿ ಬಾರ್ ಮೇಲಿರುವಾಗ ಹೊಟ್ಟೆ ತುಂಬ ಉಸಿರೆಳೆದು ಹಿಡಿಯಿರಿ, ಇಳಿಸಿ, ಒತ್ತಿ, ಕಷ್ಟದ ಭಾಗ ದಾಟಿದ ಮೇಲೆ ಬಿಡಿ. ಹಗುರ ಸೆಟ್‌ಗಳಲ್ಲಿ (ಬಿಡುವಿಲ್ಲದೆ ಒಟ್ಟಿಗೆ ಮಾಡುವ ರೆಪ್‌ಗಳೇ ಒಂದು ಸೆಟ್) ಒತ್ತುವಾಗಲೇ ಬಿಟ್ಟರೂ ನಡೆಯುತ್ತದೆ. ಉಸಿರು ಕಟ್ಟಿದಾಗ ರಕ್ತದೊತ್ತಡ ಆ ಹೊತ್ತಿಗೆ ಏರುತ್ತದೆ. ರಕ್ತದೊತ್ತಡ, ಹರ್ನಿಯಾ ಅಥವಾ ಕಣ್ಣಿನ ಒತ್ತಡದ ಸಮಸ್ಯೆ ಇರುವವರು ಭಾರಿ ತೂಕಕ್ಕೆ ಹೋಗುವ ಮೊದಲು ವೈದ್ಯರನ್ನು ಕೇಳಬೇಕು.

ಫ್ಲ್ಯಾಟ್ ಬೆಂಚ್: ಮೊದಲು ಕಲಿಯಬೇಕಾದದ್ದು

ಯಾವ ಬಗೆ ಬೇಕೆಂದು ಗೊತ್ತಿಲ್ಲದಿದ್ದರೆ ಇದನ್ನೇ ಹಿಡಿಯಿರಿ. ಎದೆಯ ದೊಡ್ಡ ಸ್ನಾಯುವಿನ ಹೆಚ್ಚಿನ ಭಾಗ, ಭುಜದ ಮುಂಭಾಗ, ತೋಳಿನ ಹಿಂಬದಿಯ ಟ್ರೈಸೆಪ್ಸ್ ಮೂರೂ ಹದವಾಗಿ ದುಡಿಯುವುದು ಇಲ್ಲಿ. ತೂಕವನ್ನು ಸಣ್ಣ ಸಣ್ಣ ಹೆಜ್ಜೆಯಲ್ಲಿ ಏರಿಸುವುದೂ ಸುಲಭ.

ಬಾರ್ ನೆಟ್ಟಗೆ ಇಳಿದು ನೆಟ್ಟಗೆ ಏರಬೇಕು ಎಂಬ ನಂಬಿಕೆ ಬಹಳ ಜನರಲ್ಲಿದೆ, ಅದು ಸರಿಯಲ್ಲ. ಕೈ ಪೂರ್ತಿ ನೀಡಿದಾಗ ಬಾರ್ ಭುಜದ ಕೀಲಿನ ನೇರ ಮೇಲೆ ಇರಬೇಕು, ಆಗ ಅದನ್ನು ಹಿಡಿದು ನಿಲ್ಲಲು ಸ್ನಾಯುವಿನ ಶ್ರಮ ತೀರ ಕಡಿಮೆ. ಅಲ್ಲಿಂದ ನೇರ ಕೆಳಗಿಳಿಸಿದರೆ ಬಾರ್ ಕೊರಳೆಲುಬಿನ ಹತ್ತಿರ ಬರುತ್ತದೆ, ಮೊಣಕೈಗಳು ದೇಹಕ್ಕೆ 90 ಡಿಗ್ರಿಯಲ್ಲಿ ಅಗಲಿಕೊಳ್ಳುತ್ತವೆ, ಭುಜದೊಳಗಿನ ಸ್ನಾಯುರಜ್ಜುಗಳು ಮೂಳೆಗಳ ನಡುವೆ ಸಿಕ್ಕಿಕೊಳ್ಳುತ್ತವೆ. ಆದ್ದರಿಂದ ಬಾರ್ ಓರೆಯಾಗಿ ಸೊಂಟದ ಕಡೆಗೆ ಸರಿಯುತ್ತ ಇಳಿದು ಮೊಲೆತೊಟ್ಟಿನ ಮಟ್ಟದಲ್ಲಿ ಅಥವಾ ಅದಕ್ಕಿಂತ ಕೊಂಚ ಕೆಳಗೆ, ಎದೆಮೂಳೆಯ ಕೆಳ ಅರ್ಧಕ್ಕೆ ತಾಗಬೇಕು. ಮೊಣಕೈ ಆಗ ದೇಹದಿಂದ 45ರಿಂದ 70 ಡಿಗ್ರಿಯಷ್ಟು ದೂರ ಇರುತ್ತದೆ. ಮೇಲೆತ್ತುವಾಗ ಎದೆಯಿಂದ ಹೊರಟ ಕೂಡಲೇ ಬಾರ್ ಮೇಲಕ್ಕೂ ಮುಖದ ಕಡೆಗೂ ಒಟ್ಟಿಗೆ ಸಾಗಲಿ. ಪಕ್ಕದಿಂದ ಫೋನಿನಲ್ಲಿ ವಿಡಿಯೊ ತೆಗೆದು ಬಾರ್‌ನ ತುದಿ ಸಾಗಿದ ದಾರಿ ನೋಡಿ. ಮೇಲಿಂದ ಕೆಳಗೆ ನೇರ ಗೆರೆ ಕಂಡರೆ ಎಲ್ಲೋ ತಪ್ಪಿದೆ.

ಇಳಿಸುವುದಕ್ಕೆ ಒಂದೂವರೆಯಿಂದ ಎರಡು ಸೆಕೆಂಡ್ ಸಾಕು. ಬಾರ್ ಎದೆಗೆ ಬಿದ್ದು ಪುಟಿದು ಮೇಲೇರುತ್ತಿದೆ ಎಂದರೆ, ಕಷ್ಟದ ಅರ್ಧ ಕೆಲಸವನ್ನು ನಿಮ್ಮ ಪಕ್ಕೆಲುಬು ಮಾಡುತ್ತಿದೆ.

ಹಿಡಿತದ ಅಗಲ

ಬಗೆಗಳ ನಡುವೆ ಆರಿಸುವುದಕ್ಕಿಂತ ದೊಡ್ಡ ವ್ಯತ್ಯಾಸ ಬರುವುದು ಇಲ್ಲಿ, ಆದರೂ ಗಮನ ಕೊಡುವವರು ಕಡಿಮೆ.

ಬಾರ್ ಮೇಲೆ ಕೈಯ ಜಾಗ ತೋರಿಸುವ ನುಣುಪಾದ ಉಂಗುರದ ಗುರುತುಗಳಿರುತ್ತವೆ. ಪವರ್‌ಲಿಫ್ಟಿಂಗ್ ಬಾರ್‌ನಲ್ಲಿ ಅವುಗಳ ನಡುವಿನ ಅಂತರ 81 ಸೆಂ.ಮೀ., ಒಲಿಂಪಿಕ್ ವೇಟ್‌ಲಿಫ್ಟಿಂಗ್ ಬಾರ್‌ನಲ್ಲಿ 91 ಸೆಂ.ಮೀ. ಕೆಲವು ಬಾರ್‌ಗಳಲ್ಲಿ ಎರಡೂ ಇರುತ್ತವೆ. ಬೇರೆ ಜಿಮ್‌ಗೆ ಹೋದಾಗ "ಉಂಗುರಬೆರಳು ಗುರುತಿನ ಮೇಲೆ" ಎಂಬ ನಿಮ್ಮ ಅಭ್ಯಾಸದ ಲೆಕ್ಕ ಪ್ರತಿ ಕೈಗೆ 5 ಸೆಂ.ಮೀ. ತಪ್ಪುವುದು ಹೀಗೆ. ಮೊದಲ ದಿನ ಒಮ್ಮೆ ನೋಡಿಕೊಂಡರೆ ಭುಜ ಉಳಿಯುತ್ತದೆ.

ಅಗಲ ಹಿಡಿತದಲ್ಲಿ ಬಾರ್ ಸಾಗುವ ದೂರ ಕಡಿಮೆ, ಎದೆಯ ಪಾಲು ಹೆಚ್ಚು, ಟ್ರೈಸೆಪ್ಸ್ ಪಾಲು ಕಡಿಮೆ. ಆದರೆ ಮೊಣಕೈ ಅಗಲಿಕೊಂಡು, ಬಾರ್ ಕೆಳಗಿದ್ದಾಗ ಎದೆಸ್ನಾಯು ಮೇಲ್ತೋಳಿನ ಮೂಳೆಗೆ ಅಂಟುವ ಜಾಗದಲ್ಲಿ ಎಳೆತ ಹೆಚ್ಚುತ್ತದೆ. ಎದೆಸ್ನಾಯು ಹರಿಯುವ ಅಪರೂಪದ ಗಾಯ ಹೆಚ್ಚಾಗಿ ಆಗುವುದು ಬೆಂಚ್ ಪ್ರೆಸ್‌ನಲ್ಲೇ, ಅದೂ ಭಾರಿ ತೂಕ ಇಳಿಸಿ ಕೆಳತುದಿ ಮುಟ್ಟುವ ಹೊತ್ತಿನಲ್ಲಿ. ಸ್ಪರ್ಧೆಗೆ ಹೋಗುವವರು ಅಗಲ ಹಿಡಿತವನ್ನು ತಿಂಗಳುಗಟ್ಟಲೆ ರೂಢಿಸಿಕೊಂಡಿರುತ್ತಾರೆ. ಉಳಿದವರು ಇದರಿಂದ ಶುರುಮಾಡಲು ಕಾರಣವೇ ಇಲ್ಲ.

ನಡು ಅಗಲ, ಅಂದರೆ ಎರಡು ಭುಜಗಳ ಹೊರತುದಿಗಳ ನಡುವಿನ ಅಳತೆಯ ಸುಮಾರು ಒಂದೂವರೆ ಪಟ್ಟು, ಹೆಚ್ಚಿನವರಿಗೆ ಸರಿಹೊಂದುತ್ತದೆ. ಭುಜದ ಅಳತೆ 40 ಸೆಂ.ಮೀ. ಇದ್ದರೆ ಕೈಗಳ ನಡುವೆ 60 ಸೆಂ.ಮೀ. ಇದು ಆರಂಭದ ಜಾಗ ಅಷ್ಟೇ. ಖಚಿತ ಮಾಡಿಕೊಳ್ಳಲು ಖಾಲಿ ಬಾರ್ ಎದೆಗೆ ಇಳಿಸಿ ಹಾಗೇ ಹಿಡಿದಿರಿ, ಒಬ್ಬರಿಗೆ ಕಾಲಿನ ಕಡೆ ನಿಂತು ನೋಡಲು ಹೇಳಿ. ಮೊಣಕೈಗಳು ಮಣಿಕಟ್ಟಿಗಿಂತ ಒಳಗಿದ್ದರೆ ಹಿಡಿತ ತೀರ ಅಗಲ, ಹೊರಗಿದ್ದರೆ ತೀರ ಕಿರಿದು. ಒಂದೊಂದು ಬೆರಳು ಸರಿಸುತ್ತ ಮುಂಗೈಗಳು ಎರಡು ಕಂಬಗಳಾಗಿ ನಿಲ್ಲುವ ಜಾಗ ಹುಡುಕಿ. ತೋಳು ಉದ್ದವಿರುವವರಿಗೆ ಅದು ಒಂದೆರಡು ಬೆರಳು ಹೊರಗೆ ಸಿಗುತ್ತದೆ.

ಕ್ಲೋಸ್ ಗ್ರಿಪ್: ಹೆಸರು ದಾರಿ ತಪ್ಪಿಸುತ್ತದೆ

ಕೈಗಳನ್ನು ಒಂದಕ್ಕೊಂದು ತಾಗಿಸಿ ಹಿಡಿಯಬೇಕೆಂದು ಹಲವರು ತಿಳಿದಿದ್ದಾರೆ. ಹಾಗೆ ಹಿಡಿದರೆ ಮೊಣಕೈಗಳು ಮಣಿಕಟ್ಟಿನಿಂದ ದೂರ ಹೊರಗೆ ಬಾಗುತ್ತವೆ, ಮಣಿಕಟ್ಟು ಕಿರುಬೆರಳ ಕಡೆಗೆ ತಿರುಚಿಕೊಳ್ಳುತ್ತದೆ, ಬಾರ್ ತಕ್ಕಡಿಯಂತೆ ಆಚೆ ಈಚೆ ವಾಲುತ್ತದೆ. ಟ್ರೈಸೆಪ್ಸ್‌ಗೆ ಹೆಚ್ಚು ಲಾಭವೂ ಇಲ್ಲ. ಭುಜದ ಅಗಲ ಅಥವಾ ಅದಕ್ಕಿಂತ ತುಸು ಕಡಿಮೆ, ಅಷ್ಟೇ ಕಿರಿದು ಸಾಕು.

ಈ ಹಿಡಿತದಲ್ಲಿ ಮೊಣಕೈ ದೇಹಕ್ಕೆ ಹತ್ತಿರ, ಸುಮಾರು 30ರಿಂದ 45 ಡಿಗ್ರಿಯಲ್ಲಿ ಇರುತ್ತದೆ. ಬಾರ್ ತಾಗುವ ಜಾಗ ಇನ್ನೂ ಕೆಳಗೆ, ಎದೆಮೂಳೆಯ ತುದಿಯ ಹತ್ತಿರ. ಅಳತೆಗೋಲು ಇಲ್ಲಿ ಚೆನ್ನಾಗಿ ಉಪಯೋಗಕ್ಕೆ ಬರುತ್ತದೆ: ಹಿಡಿತ ಕಿರಿದಾಗಿಸಿ ತಾಗುವ ಜಾಗ ಮಾತ್ರ ಮೊದಲಿನಂತೆ ಮೇಲೆಯೇ ಇಟ್ಟುಕೊಂಡರೆ, ಪಕ್ಕದಿಂದ ನೋಡಿದಾಗ ಮೊಣಕೈ ಬಾರ್‌ಗಿಂತ ಸೊಂಟದ ಕಡೆ ಹೋಗಿರುತ್ತದೆ, ಒತ್ತುವುದು ಎದೆಯ ವ್ಯಾಯಾಮ ಹೋಗಿ ಮೊಣಕೈಗೆ ನೋವು ತರುವ ಕಸರತ್ತಾಗುತ್ತದೆ.

ನಡು ಹಿಡಿತಕ್ಕಿಂತ ತೂಕ ಶೇ 5ರಿಂದ 15 ಕಡಿಮೆ ಮಾಡಿಕೊಳ್ಳಿ. ಬಾರ್ ಎದೆಯಿಂದ ಸಲೀಸಾಗಿ ಹೊರಟು ಮೇಲಿನ ಅರ್ಧದಲ್ಲಿ ನಿಂತುಹೋಗುವವರಿಗೆ ಇದು ಒಳ್ಳೆಯ ಎರಡನೇ ವ್ಯಾಯಾಮ. ಅಗಲ ಹಿಡಿತದಲ್ಲಿ ಭುಜದ ಮುಂಭಾಗ ಕಾಡುವವರಿಗಂತೂ ಇದನ್ನೇ ಮೊದಲ ವ್ಯಾಯಾಮ ಮಾಡಿಕೊಳ್ಳಲು ಧೈರ್ಯವಾಗಿ ಹೇಳಬಹುದು.

ಇನ್‌ಕ್ಲೈನ್: ಎಷ್ಟು ಡಿಗ್ರಿ?

ಬೆಂಚಿನ ತಲೆಯ ಕಡೆ ಎತ್ತಿದಂತೆ ಎದೆಸ್ನಾಯುವಿನ ಮೇಲ್ಭಾಗ, ಕೊರಳೆಲುಬಿನಿಂದ ಹೊರಡುವ ನಾರುಗಳು, ಹೆಚ್ಚು ದುಡಿಯುತ್ತವೆ. ಎದೆಯ ಮೇಲ್ಭಾಗ ಚಪ್ಪಟೆಯಾಗಿ ಕಾಣುತ್ತದೆ ಎನ್ನುವವರು ಇದಕ್ಕೆ ಬರುತ್ತಾರೆ, ಅದು ಸರಿಯಾದ ಆಯ್ಕೆಯೇ. ತಪ್ಪುವುದು ಕೋನದಲ್ಲಿ. ಹಲವು ಜಿಮ್‌ಗಳಲ್ಲಿ ಇನ್‌ಕ್ಲೈನ್ ಬೆಂಚನ್ನು 45 ಡಿಗ್ರಿಗೆ ಬೆಸುಗೆ ಹಾಕಿ ಕೂರಿಸಿರುತ್ತಾರೆ. ಅಷ್ಟು ಎತ್ತರದಲ್ಲಿ ಭಾರದ ದೊಡ್ಡ ಪಾಲು ಭುಜದ ಮುಂಭಾಗಕ್ಕೆ ದಾಟಿಬಿಡುತ್ತದೆ. 15ರಿಂದ 30 ಡಿಗ್ರಿ ಎದೆಗೆ ಒಳ್ಳೆಯದು. ಹೊಂದಿಸಬಹುದಾದ ಬೆಂಚಾದರೆ ಮೊದಲ ಅಥವಾ ಎರಡನೇ ರಂಧ್ರಕ್ಕೆ ನಿಲ್ಲಿಸಿ. 45 ಡಿಗ್ರಿಯ ಬೆಂಚು ಮಾತ್ರ ಇದ್ದರೆ, ಫ್ಲ್ಯಾಟ್ ಬೆಂಚಿನ ತಲೆಯ ಕಾಲಿನ ಕೆಳಗೆ ಅಲುಗಾಡದ, ರಬ್ಬರ್ ಹೊದಿಸಿದ ದಪ್ಪ ತೂಕದ ಪ್ಲೇಟ್ ಒಂದೆರಡು ಇಟ್ಟು ಸಣ್ಣ ಇಳಿಜಾರು ಮಾಡಿಕೊಳ್ಳಬಹುದು. ಅದನ್ನು ರ್ಯಾಕಿನೊಳಗೆ, ಬಾರ್ ಬಿದ್ದರೆ ತಡೆಯುವ ಸುರಕ್ಷತಾ ಸರಳುಗಳ ನಡುವೆ ಮಾತ್ರ ಮಾಡಿ, ಮೊದಲು ಖಾಲಿ ಬಾರ್ ಹಿಡಿದು ಬೆಂಚು ಜಾರುತ್ತದೆಯೇ ನೋಡಿ.

ಬಾರ್ ಇಲ್ಲಿ ಎದೆಯ ಮೇಲ್ಭಾಗಕ್ಕೆ, ಕೊರಳೆಲುಬಿಗಿಂತ ಮೂರು ನಾಲ್ಕು ಬೆರಳು ಕೆಳಗೆ ತಾಗುತ್ತದೆ. ಫ್ಲ್ಯಾಟ್‌ನಲ್ಲಿ ತಾಗುವ ಜಾಗಕ್ಕೇ ಇಳಿಸಿದರೆ ಬಾರ್ ಭುಜದಿಂದ ತುಂಬ ಮುಂದೆ ಹೋಗಿ ಮುಂಗೈ ಓರೆಯಾಗುತ್ತದೆ, ಮೇಲೆತ್ತುವಾಗ ಬಾರ್ ಕಾಲಿನ ಕಡೆಗೆ ಎಳೆಯುತ್ತದೆ. ಇನ್‌ಕ್ಲೈನ್‌ನಲ್ಲಿ ಬಾರ್‌ನ ದಾರಿ ಫ್ಲ್ಯಾಟ್‌ಗಿಂತ ಹೆಚ್ಚು ನೆಟ್ಟಗಿರುತ್ತದೆ. ತೂಕ ಸಾಮಾನ್ಯವಾಗಿ ಫ್ಲ್ಯಾಟ್‌ನ ಶೇ 75ರಿಂದ 85. ಫ್ಲ್ಯಾಟ್‌ನಲ್ಲಿ ಎತ್ತುವಷ್ಟೇ ಇಲ್ಲೂ ಎತ್ತಬೇಕೆಂದು ಹೊರಟವರ ಸೊಂಟ ಬೆಂಚು ಬಿಟ್ಟು ಮೇಲೇಳುತ್ತದೆ, ಹೊಟ್ಟೆ ಉಬ್ಬುತ್ತದೆ, ಕೊನೆಗೆ ಆ ಇನ್‌ಕ್ಲೈನ್ ಫ್ಲ್ಯಾಟ್ ಬೆಂಚೇ ಆಗಿಬಿಡುತ್ತದೆ. ಆಸನವನ್ನೂ ಒಂದು ಹಂತ ಮೇಲಕ್ಕೆತ್ತಿದರೆ ಕೆಳಕ್ಕೆ ಜಾರುವುದು ನಿಲ್ಲುತ್ತದೆ.

ಡಿಕ್ಲೈನ್

ತಲೆ ಕೆಳಗೆ, ಕಾಲು ಮೇಲೆ. ದೂರ ಕಡಿಮೆ, ಭುಜ ಹೆಚ್ಚು ಚಾಚಿಕೊಳ್ಳುವುದಿಲ್ಲ, ಆದ್ದರಿಂದ ಹೆಚ್ಚು ತೂಕ ಏಳುತ್ತದೆ. ಎದೆಯ ಕೆಳಭಾಗಕ್ಕೆ ಒಳ್ಳೆಯದು ಎನ್ನುತ್ತಾರಾದರೂ ಫ್ಲ್ಯಾಟ್ ಬೆಂಚ್ ಆ ಭಾಗವನ್ನು ಸಾಕಷ್ಟು ದುಡಿಸುತ್ತದೆ. ಇದರ ಅಪಾಯ ಬೇರೆ: ಬಾರ್ ಕೈತಪ್ಪಿದರೆ ಉರುಳುವುದು ಕೊರಳ ಕಡೆಗೆ, ಮತ್ತು ಕಾಲು ರೋಲರ್‌ಗೆ ಸಿಕ್ಕಿರುವುದರಿಂದ ಥಟ್ಟನೆ ಎದ್ದು ಬರಲಾಗದು. ಸ್ಪಾಟರ್, ಅಂದರೆ ಬಾರ್ ಸಿಕ್ಕಿಕೊಂಡರೆ ಹಿಡಿಯಲು ಹತ್ತಿರ ನಿಲ್ಲುವ ಜೊತೆಗಾರ, ಇಲ್ಲದೆ ಮಾಡಲೇಬೇಡಿ. ತಲೆಸುತ್ತು, ರಕ್ತದೊತ್ತಡ, ಕಣ್ಣಿನ ತೊಂದರೆ ಇರುವವರು ಇದನ್ನು ಬಿಟ್ಟುಬಿಡುವುದೇ ಲೇಸು.

ಫ್ಲೋರ್ ಪ್ರೆಸ್

ಬೆಂಚಿಲ್ಲದೆ ನೆಲದ ಮೇಲೆ ಮಲಗಿ, ರ್ಯಾಕಿನ ಕೆಳ ಕೊಕ್ಕೆಯಿಂದ ಬಾರ್ ತೆಗೆದು ಒತ್ತುವುದು. ತೋಳಿನ ಹಿಂಭಾಗ ನೆಲಕ್ಕೆ ತಾಗಿದಲ್ಲಿಗೆ ಇಳಿತ ಮುಗಿಯಿತು, ಬಾರ್ ಎದೆಯಿಂದ ಕೆಲವು ಬೆರಳು ಮೇಲೆಯೇ ನಿಲ್ಲುತ್ತದೆ. ಭುಜ ತೀರ ಹಿಂದಕ್ಕೆ ಚಾಚುವ ಆ ಕೊನೆಯ ಭಾಗವೇ ಇಲ್ಲದಿರುವುದರಿಂದ, ಕೆಳತುದಿಯಲ್ಲಿ ಭುಜ ಚುಚ್ಚುವವರು ಕೆಲವು ವಾರ ಇದರಲ್ಲಿ ಕಳೆಯಬಹುದು. ಕಾಲಿನ ಬಲ ಸಿಗುವುದಿಲ್ಲ, ಎದೆ ಪೂರ್ತಿ ಹಿಗ್ಗುವುದೂ ಇಲ್ಲ. ಆದ್ದರಿಂದ ಎದೆ ಬೆಳೆಸಲು ಇದೊಂದನ್ನೇ ನೆಚ್ಚಿಕೊಂಡರೆ ಕಡಿಮೆಯೇ ಆಯಿತು. ಇಳಿಸುವಾಗ ತೋಳನ್ನು ನೆಲಕ್ಕೆ ಅಪ್ಪಳಿಸಬೇಡಿ. ಮೆಲ್ಲಗೆ ತಾಗಿಸಿ, ಒಂದು ಕ್ಷಣ ನಿಲ್ಲಿಸಿ, ಒತ್ತಿ. ಅಪ್ಪಳಿಸಿದರೆ ಹೊಡೆತ ಮೊಣಕೈಗೆ ಹೋಗುತ್ತದೆ.

ಎದೆಯ ಮೇಲೆ ನಿಲ್ಲಿಸಬೇಕೋ, ತಾಗಿಸಿ ಎತ್ತಬೇಕೋ?

ಸ್ಪರ್ಧೆಯಲ್ಲಿ ಇದಕ್ಕೆ ಆಯ್ಕೆಯಿಲ್ಲ. ಅಂತರರಾಷ್ಟ್ರೀಯ ಪವರ್‌ಲಿಫ್ಟಿಂಗ್ ಒಕ್ಕೂಟದ ನಿಯಮದಲ್ಲಿ ಬಾರ್ ಎದೆಯ ಮೇಲೆ ಅಲುಗದೆ ನಿಂತ ಮೇಲೆಯೇ ರೆಫರಿ "ಪ್ರೆಸ್" ಎನ್ನುತ್ತಾರೆ. ತಲೆ, ಭುಜ, ಪೃಷ್ಠ ಬೆಂಚಿನ ಮೇಲೆ, ಪಾದ ನೆಲದ ಮೇಲೆ ಇರಬೇಕು, ತೋರುಬೆರಳುಗಳ ನಡುವಿನ ಅಂತರ 81 ಸೆಂ.ಮೀ. ಮೀರಬಾರದು. 2023ರಿಂದ ಇನ್ನೊಂದು ಸೇರಿದೆ: ಬಾರ್ ಕೆಳಗಿದ್ದಾಗ ಮೊಣಕೈಯ ಕೆಳಭಾಗ ಭುಜದ ಕೀಲಿನ ಮೇಲ್ಭಾಗದ ಮಟ್ಟಕ್ಕಾದರೂ ಇಳಿಯಬೇಕು. ಬೆನ್ನನ್ನು ವಿಪರೀತ ಕಮಾನು ಮಾಡಿ, ಬಾರ್ ಒಂದೆರಡು ಅಂಗುಲ ಮಾತ್ರ ಸಾಗುವಂತೆ ಮಾಡುವವರಿಗೆ ಇದು ಕಡಿವಾಣ.

ಸ್ಪರ್ಧೆಗೆ ಹೋಗದವರಿಗೂ ಒಂದು ಸೆಕೆಂಡ್ ನಿಲ್ಲಿಸುವುದನ್ನೇ ಮೊದಲು ಕಲಿಯಲು ಸಲಹೆ ಮಾಡುತ್ತೇವೆ. ನಿಂತ ಬಾರ್ ಸುಳ್ಳು ಹೇಳುವುದಿಲ್ಲ: ಮಣಿಕಟ್ಟು ಬಾಗಿದ್ದರೆ, ಮೊಣಕೈ ಸರಿದಿದ್ದರೆ, ಬೆನ್ನಿನ ಬಿಗಿ ಬಿಟ್ಟಿದ್ದರೆ ಆ ಒಂದು ಸೆಕೆಂಡಿನಲ್ಲಿ ತಿಳಿಯುತ್ತದೆ. ನಿಲ್ಲಿಸುವುದೆಂದರೆ ಭಾರವನ್ನು ಎದೆಯ ಮೇಲೆ ಇಳಿಸಿ ವಿಶ್ರಾಂತಿ ಪಡೆಯುವುದಲ್ಲ, ಬಟ್ಟೆಗೆ ತಾಗಿದಷ್ಟೇ ತಾಗಿ ಸ್ನಾಯು ಬಿಗಿಯಾಗಿಯೇ ಇರಬೇಕು. ತೂಕ ಶೇ 5ರಿಂದ 10 ಕಡಿಮೆಯಾದೀತು. 8 ರೆಪ್ ದಾಟುವ ಸೆಟ್‌ಗಳಲ್ಲಿ ನಿಲ್ಲಿಸದೆ, ಮೆತ್ತಗೆ ತಾಗಿಸಿ ಎತ್ತಿದರೆ ಸಾಕು.

ಸ್ಮಿತ್ ಮೆಷಿನ್ ಮತ್ತು ಇತರ ಬಗೆಗಳು

ಸ್ಮಿತ್ ಮೆಷಿನ್‌ನಲ್ಲಿ ಬಾರ್ ಕಂಬಿಗಳ ನಡುವೆ ಒಂದೇ ಗೆರೆಯಲ್ಲಿ ಓಡುತ್ತದೆ. ಮೇಲೆ ಹೇಳಿದ ಓರೆ ದಾರಿ ಇಲ್ಲಿ ಸಾಧ್ಯವಿಲ್ಲ, ಆದ್ದರಿಂದ ಬಾರ್ ಎದೆಗೆ ಎಲ್ಲಿ ತಾಗುತ್ತದೆಂದು ಮೊದಲು ಖಾಲಿ ಬಾರ್‌ನಲ್ಲಿ ನೋಡಿ ಬೆಂಚನ್ನೇ ಸರಿಸಿಕೊಳ್ಳಬೇಕು. ಬಾರ್‌ನ ಭಾರ ತಗ್ಗಿಸುವ ಪ್ರತಿಭಾರ ಇರುವ ಯಂತ್ರಗಳಲ್ಲಿ ಬಾರ್‌ನ ತೂಕ 20 ಕೆ.ಜಿ.ಗಿಂತ ಎಷ್ಟೋ ಕಡಿಮೆ, ಹಾಗಾಗಿ ಯಂತ್ರದ ಲೆಕ್ಕವನ್ನು ಸ್ವತಂತ್ರ ಬಾರ್‌ಗೆ ತರಬೇಡಿ. ಒಬ್ಬರೇ ಇರುವಾಗ ಕೊನೆಯ ಸೆಟ್‌ಗಳನ್ನು ದಣಿಯುವವರೆಗೂ ಮಾಡಲು ಇದು ಅನುಕೂಲ. ಅದರಾಚೆ ಸ್ವತಂತ್ರ ಬಾರ್ ಬಿಟ್ಟು ಇದಕ್ಕೆ ಬರಲು ಕಾರಣ ಕಾಣುವುದಿಲ್ಲ.

ಅಂಗೈ ಮುಖದ ಕಡೆ ತಿರುಗಿಸಿ ಹಿಡಿಯುವ ರಿವರ್ಸ್ ಗ್ರಿಪ್ ಎದೆಯ ಮೇಲ್ಭಾಗಕ್ಕೆ ಕೆಲಸ ಕೊಡುತ್ತದಾದರೂ ರ್ಯಾಕಿನಿಂದ ತೆಗೆಯುವಾಗ ಬಾರ್ ಜಾರುವ ಸಾಧ್ಯತೆ ಹೆಚ್ಚು, ಇಬ್ಬರು ಸ್ಪಾಟರ್‌ಗಳಿಲ್ಲದೆ ಬೇಡ. ಬಾರ್ ಅನ್ನು ಕೊರಳಿಗೆ ಇಳಿಸುವ ಬಗೆಯೂ ಒಂದಿದೆ. ಅದರಿಂದ ಬರುವ ಲಾಭವನ್ನು ಇನ್‌ಕ್ಲೈನ್ ಸುರಕ್ಷಿತವಾಗಿ ಕೊಡುತ್ತದೆ, ಅದನ್ನು ಮರೆತುಬಿಡಿ.

ಒಬ್ಬರೇ ಇದ್ದಾಗ, ಜೊತೆಗಾರರಿದ್ದಾಗ

ಪವರ್ ರ್ಯಾಕ್ ಇದ್ದರೆ ಬೆಂಚನ್ನು ಅದರೊಳಗೇ ಇಡಿ. ಎದೆ ಉಬ್ಬಿಸಿ ಬಾರ್ ತಾಗಿಸಿದಾಗ ಸುರಕ್ಷತಾ ಸರಳು ಬಾರ್‌ಗಿಂತ 2ರಿಂದ 3 ಸೆಂ.ಮೀ. ಕೆಳಗಿರಲಿ. ಸಿಕ್ಕಿಕೊಂಡರೆ ಉಸಿರು ಬಿಟ್ಟು ಎದೆ ಚಪ್ಪಟೆ ಮಾಡಿ, ಬಾರ್ ಸರಳಿನ ಮೇಲೆ ಕೂರುತ್ತದೆ. ಇದನ್ನು ಖಾಲಿ ಬಾರ್‌ನಲ್ಲಿ ಎರಡು ಸಲ ಮಾಡಿ ನೋಡಿದ ಮೇಲೆಯೇ ಪ್ಲೇಟ್ ಹಾಕಿ.

ಸರಳೂ ಇಲ್ಲ, ಸ್ಪಾಟರೂ ಇಲ್ಲ ಎಂದಾದರೆ ಪ್ಲೇಟ್ ಬಿಗಿಯುವ ಕ್ಲಿಪ್ ಹಾಕಬೇಡಿ. ಸಿಕ್ಕಿಕೊಂಡಾಗ ಬಾರ್ ಅನ್ನು ಒಂದು ಪಕ್ಕಕ್ಕೆ ವಾಲಿಸಿದರೆ ಪ್ಲೇಟುಗಳು ಜಾರಿ ಬೀಳುತ್ತವೆ. ಆ ಪಕ್ಕ ಖಾಲಿಯಾದ ಕೂಡಲೇ ಇನ್ನೊಂದು ಪಕ್ಕ ರಭಸವಾಗಿ ಕೆಳಗೆ ಬರುತ್ತದೆಂಬುದು ನೆನಪಿರಲಿ, ಅಕ್ಕಪಕ್ಕ ಯಾರೂ ಇರಬಾರದು. ಇಷ್ಟಕ್ಕೆ ಬರುವುದಕ್ಕಿಂತ ಎರಡು ರೆಪ್ ಬಾಕಿ ಇರುವಾಗಲೇ ಸೆಟ್ ಮುಗಿಸುವುದು ಮೇಲು.

ಸ್ಪಾಟರ್‌ಗೆ ಎಷ್ಟು ರೆಪ್ ಎಂದು ಮೊದಲೇ ಹೇಳಿ. ಬಾರ್ ತೆಗೆದುಕೊಡುವಾಗ ಅವರು ಅದನ್ನು ಮೇಲಕ್ಕೆಳೆಯಬಾರದು, ಕೊಕ್ಕೆ ದಾಟುವಷ್ಟು ಎತ್ತಿ ಮುಂದಕ್ಕೆ ಜಾರಿಸಬೇಕು. ಮೇಲಕ್ಕೆಳೆದರೆ ನೀವು ಕಷ್ಟಪಟ್ಟು ಹಿಂದಕ್ಕೆ ಕೂರಿಸಿದ ಹೆಗಲೆಲುಬುಗಳು ಕಿತ್ತುಬರುತ್ತವೆ. ಬಾರ್ ನಿಂತು ಕೆಳಕ್ಕೆ ಹೊರಳುವವರೆಗೆ ಅವರು ಅದನ್ನು ಮುಟ್ಟಬಾರದು. ಪ್ರತಿ ರೆಪ್‌ಗೂ ಕೈ ಹಚ್ಚುವ ಸ್ಪಾಟರ್ ಇದ್ದರೆ, ನಿಮ್ಮ ನಿಜವಾದ ತೂಕ ಎಷ್ಟೆಂದು ನಿಮಗೂ ಗೊತ್ತಾಗುವುದಿಲ್ಲ.

ಎಲ್ಲಿ ಸಿಕ್ಕಿಕೊಳ್ಳುತ್ತದೆ ನೋಡಿ, ಅದರಂತೆ ಆರಿಸಿ

ಬಾರ್ ಎದೆ ಬಿಟ್ಟು ಏಳುವುದೇ ಇಲ್ಲ ಎಂದಾದರೆ, ಸಾಮಾನ್ಯವಾಗಿ ಇಳಿಸುವಾಗಲೇ ಬೆನ್ನಿನ ಬಿಗಿ ತಪ್ಪಿರುತ್ತದೆ. ನಿಲ್ಲಿಸಿ ಎತ್ತುವ ಫ್ಲ್ಯಾಟ್ ಬೆಂಚ್, ಎದೆಯ ಮೇಲೆ ಎರಡು ಸೆಕೆಂಡ್, 3ರಿಂದ 5 ರೆಪ್, ಇದಕ್ಕೆ ಮದ್ದು. ಎದೆಯಿಂದ ಗೇಣು ಮೇಲೆ ನಿಂತರೆ ಮೊದಲು ದಾರಿ ನೋಡಿ: ಬಾರ್ ಮುಖದ ಕಡೆ ಸರಿಯದೆ ನೆಟ್ಟಗೆ ಏರುತ್ತಿದೆಯೇ? ದಾರಿ ಸರಿಯಿದ್ದರೆ ಇನ್‌ಕ್ಲೈನ್ ಸೇರಿಸಿ, ಅಲ್ಲಿ ಭುಜದ ಮುಂಭಾಗದ ಬಲ ಬೇಕಾಗುತ್ತದೆ. ಕೊನೆಯ ನಾಲ್ಕು ಬೆರಳು ಏರದಿದ್ದರೆ ಕ್ಲೋಸ್ ಗ್ರಿಪ್ ಅಥವಾ ಫ್ಲೋರ್ ಪ್ರೆಸ್. ಒಂದು ಕೈ ಮುಂದೆ, ಒಂದು ಹಿಂದೆ ಬರುತ್ತಿದ್ದರೆ ತಪ್ಪು ಹೆಚ್ಚಾಗಿ ಬಲದ್ದಲ್ಲ, ಎರಡು ಕೈಗಳೂ ಗುರುತಿನಿಂದ ಒಂದೇ ದೂರದಲ್ಲಿ ಇಲ್ಲ. ಹಿಡಿದ ಮೇಲೆ ಬೆರಳು ಎಣಿಸಿ.

ಭುಜದ ಮುಂಭಾಗ ಮಂದವಾಗಿ ನೋಯುತ್ತಿದ್ದರೆ ಹಿಡಿತ ಎರಡು ಬೆರಳು ಒಳಗೆ ತನ್ನಿ, ತಾಗುವ ಜಾಗ ಕೊಂಚ ಕೆಳಗಿಳಿಸಿ, ತೂಕ ಶೇ 20 ತೆಗೆಯಿರಿ. ಎರಡು ವಾರದಲ್ಲಿ ತಗ್ಗದಿದ್ದರೆ ಫ್ಲೋರ್ ಪ್ರೆಸ್‌ಗೆ ಹೋಗಿ, ತಜ್ಞರಿಗೂ ತೋರಿಸಿ. ಚುಚ್ಚುವ ನೋವಿಗೆ ಆ ದಿನವೇ ನಿಲ್ಲಿಸಬೇಕು. "ಟಪ್" ಎಂಬ ಶಬ್ದದೊಂದಿಗೆ ಕಂಕುಳ ಹತ್ತಿರ ಹರಿದಂತಾಗಿ ಆಮೇಲೆ ತೋಳು ನೀಲಿಗಟ್ಟಿದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು, ಎದೆಸ್ನಾಯು ಹರಿದಿರಬಹುದು.

ಹೊಸಬರಿಗೆ ವಾರಕ್ಕೆ ಎರಡು ದಿನ ಸಾಕು: ಒಂದು ದಿನ ನಡು ಹಿಡಿತದ ಫ್ಲ್ಯಾಟ್, 5 ರೆಪ್‌ನ 3 ಸೆಟ್. ಇನ್ನೊಂದು ದಿನ ಹಗುರ ತೂಕದಲ್ಲಿ ಎದೆಯ ಮೇಲೆ ನಿಲ್ಲಿಸಿ ಎತ್ತುವ ಫ್ಲ್ಯಾಟ್, 6 ರೆಪ್‌ನ 3 ಸೆಟ್. ಮೂರು ತಿಂಗಳಾದ ಮೇಲೆ ಎರಡನೇ ದಿನವನ್ನು 30 ಡಿಗ್ರಿಯ ಇನ್‌ಕ್ಲೈನ್ ಅಥವಾ ಕ್ಲೋಸ್ ಗ್ರಿಪ್‌ಗೆ ಬಿಟ್ಟುಕೊಡಿ, ನಿಮ್ಮ ಬಾರ್ ಎಲ್ಲಿ ನಿಲ್ಲುತ್ತದೆ ಎಂಬುದನ್ನು ನೋಡಿಕೊಂಡು. ಅಂದಿನ ತೂಕ 60 ಕೆ.ಜಿ. ಎಂದಿಟ್ಟುಕೊಂಡರೆ, ಅದಕ್ಕೆ ಮುಂಚೆ ಖಾಲಿ 20 ಕೆ.ಜಿ. ಬಾರ್‌ನಲ್ಲಿ 10 ರೆಪ್, 35ರಲ್ಲಿ 5, 45ರಲ್ಲಿ 3, 52.5ರಲ್ಲಿ 2. ಪ್ರತಿ ಸೆಟ್ ಸರಾಗವಾಗಿ ಮುಗಿದ ವಾರ ಎರಡೂ ಪಕ್ಕಕ್ಕೆ 1.25 ಕೆ.ಜಿ. ಪ್ಲೇಟ್ ಒಂದೊಂದು ಸೇರಿಸಿ, ಅಂದರೆ ಒಟ್ಟು 2.5 ಕೆ.ಜಿ. ಖಾಲಿ ಬಾರ್ ಕೂಡ ಭಾರ ಎನ್ನಿಸಿದರೆ 15 ಕೆ.ಜಿ. ಬಾರ್ ತೆಗೆದುಕೊಳ್ಳಿ. ಅದರ ದಪ್ಪ 25 ಮಿ.ಮೀ., ಚಿಕ್ಕ ಅಂಗೈಗೆ ಓರೆ ಗೆರೆಯ ಹಿಡಿತವೂ ಅದರಲ್ಲಿ ಬೇಗ ಕೂರುತ್ತದೆ.